ಬಾಲ್ಕನಿಯ ಮೊಳೆಗೆ ಹಾಕಿದ ಕೋಟು

ನಂಬುವುದು ಬಿಡುವುದು ನಿಮಗೆ ಸೇರಿದ್ದು. ಮನೆಯ ಬಟ್ಟೆಗೆಲ್ಲ ಸಿಗರೇಟಿನ ವಾಸನೆ ಹತ್ತುತ್ತದೆಂದು ಅಮ್ಮ ಅಪ್ಪನಿಗೆ ಒಂದು ಹಳೇ ಕೋಟು ಗೊತ್ತುಮಾಡಿದ್ದಳು. ಬಾಲ್ಕನಿಯಲ್ಲಿ ಅದನ್ನು ತೊಟ್ಟೇ ಸೇದಬೇಕು, ಅಲ್ಲೇ ಮೊಳೆಗೆ ಹಾಕಿ ಒಳಗೆ ಬರಬೇಕು. ಅಪ್ಪ ಎಡಚ. ಕೋಟಿನ ಎಡತೋಳಿನ ತುದಿಯ ತುಂಬ ಕಿಡಿ ಬಿದ್ದ ತೂತುಗಳು.

ಅಪ್ಪ ತೀರಿಕೊಂಡ ಮೇಲೆ ಅಮ್ಮ ಆ ಕೋಟನ್ನು ಕಸಕ್ಕೆ ಹಾಕಿದಳು. ಸ್ವಲ್ಪ ದಿನಕ್ಕೇ ಬೀರುವಿನಲ್ಲಿ ಮಡಿಸಿಟ್ಟ ನನ್ನ ಅಂಗಿಗಳು ಸಿಗರೇಟು ನಾರತೊಡಗಿದವು. ಒಗೆದೆ, ಬಿಸಿಲಿಗೆ ಹಾಕಿದೆ, ಕೊನೆಗೆ ಬೀರುವಿಗೆ ಬೀಗ ಜಡಿದೆ. ಒಂದು ಮಧ್ಯಾಹ್ನ ಬೀಗ ತೆಗೆದರೆ ಮೇಲಿನ ಅಂಗಿ, ಯಾರೋ ಆಗಷ್ಟೇ ಮೈಯಿಂದ ಕಳಚಿಟ್ಟಂತೆ ಬೆಚ್ಚಗಿತ್ತು.

ಅಮ್ಮ ಅದನ್ನು ಮೂಸಿದಳು. "ಕೋಟು ಬಿಸಾಕಿದ್ದು ತಪ್ಪಾಯ್ತು ಕಣೋ. ಪಾಪ, ಅವರಾದ್ರೂ ಏನು ಹಾಕ್ಕೊಂಡು ಸೇದ್ತಾರೆ? ಇನ್ನೊಂದು ತಂದು ನೇತುಹಾಕು."

ಹೊಸ ಕೋಟೊಂದನ್ನು ಕೊಂಡು ಅದೇ ಮೊಳೆಗೆ ಹಾಕಿದೆ. ಬೀರುವಿನ ವಾಸನೆ ಅಂದಿಗೇ ನಿಂತಿತು.

"ನೋಡು, ಈಗಲೂ ನನ್ನ ಮಾತು ಕೇಳ್ತಾರೆ," ಎಂದು ಅಮ್ಮ ನೆಮ್ಮದಿಯಾಗಿದ್ದಾಳೆ. ಆ ಹೊಸ ಕೋಟನ್ನು ನಾನು ಅವಳ ಕೈಗೆ ಕೊಟ್ಟಿಲ್ಲ. ಅದಕ್ಕೂ ಈಗ ಕಿಡಿ ಬಿದ್ದು ತೂತುಗಳಾಗಿವೆ. ಎಲ್ಲವೂ ಬಲತೋಳಿನಲ್ಲಿವೆ.