ಗೇರ್ ಬಿಚ್ಚೋ ಟೂಲು

"ಬೇಡ ಅಂಕಲ್, ಹೊಡೀಬೇಡಿ!"

ಭೂಷಿ ಎರಡೂ ಕೈಯಲ್ಲಿ ಚಕ್ರವನ್ನು ತಬ್ಬಿ ಹಿಡಿದುಕೊಂಡ. ಸೈಕಲ್ ಶಾಪಿನ ರಾಮಾಂಜಿನಯ್ಯನ ಸುತ್ತಿಗೆ ಗಾಳಿಯಲ್ಲೇ ನಿಂತಿತು.

"ಏನ್ಲಾ, ನಂಗೇ ಹೇಳ್ಕೊಡ್ತೀಯಾ? ಹೆಬ್ಬೂರಲ್ಲಿ ಸೈಕಲ್ ಇರೋರೆಲ್ಲಾ ನನ್ನತ್ರಾನೇ ಬರೋದು ಕಣ್ಲಾ."

"ಅದಲ್ಲ ಅಂಕಲ್. ಆಗ್ಲೇ ಗೇರಿಂದು ಒಂದು ಹಲ್ಲು ಮುಕ್ಕಾಯ್ತು, ನೋಡಿ."

ರಾಮಾಂಜಿನಯ್ಯ ಬಗ್ಗಿ ನೋಡಿದ. ಹೌದು, ಉಳಿಯ ಏಟು ಬಿದ್ದ ಜಾಗದಲ್ಲಿ ಕಬ್ಬಿಣ ಕಿತ್ತು ಬಂದು ಬೆಳ್ಳಗೆ ಹೊಳೆಯುತ್ತಿತ್ತು. ಅವನು ಸುತ್ತಿಗೆಯನ್ನು ಕೆಳಗಿಟ್ಟ.

ಮುರಿದಿದ್ದು ಚಕ್ರದ ಮೂರು ಕಡ್ಡಿ, ಅಷ್ಟೇ. ಸಾದಾ ಸೈಕಲ್ ಆಗಿದ್ದರೆ ರಾಮಾಂಜಿನಯ್ಯ ಬೀಡಿ ಸೇದಿ ಮುಗಿಸುವುದರೊಳಗೆ ಹೊಸ ಕಡ್ಡಿ ಹಾಕಿಬಿಡುತ್ತಿದ್ದ. ಆದರೆ ಇದು ಗೇರ್ ಸೈಕಲ್. ಮುರಿದ ಮೂರು ಕಡ್ಡಿಯೂ ಗೇರಿನ ಪಕ್ಕದವು. ಹೊಸದನ್ನು ತೂರಿಸಬೇಕಾದರೆ ಹಲ್ಲಿನ ಬಿಲ್ಲೆಗಳ ಕಟ್ಟನ್ನು ಇಡಿಯಾಗಿ ಬಿಚ್ಚಬೇಕು. ರಾಮಾಂಜಿನಯ್ಯನ ಹತ್ತಿರ ಇದ್ದ ಟೂಲಿಗೆ ಎರಡು ಮೂತಿ. ಈ ಗೇರಿನ ಒಳಗಾದರೋ ಉಂಗುರದ ಹಾಗೆ ಸುತ್ತಲೂ ಸಣ್ಣ ಸಣ್ಣ ಹಲ್ಲು.

"ಇದುಕ್ಕೆ ಇದುರ್ದೇ ಟೂಲ್ ಬೇಕು. ನನ್ನತ್ರ ಇಲ್ಲ ಬುಡು," ಎಂದ ರಾಮಾಂಜಿನಯ್ಯ. "ಕುಣಿಗಲ್‌ನಲ್ಲಿ ಕೇಳಿ ನೋಡು."

ಭೂಷಿ ಚಕ್ರವನ್ನು ಉರುಳಿಸಿಕೊಂಡು ಮನೆಗೆ ಹೊರಟ. ಭಾನುವಾರಕ್ಕೆ ಇನ್ನು ನಾಲ್ಕೇ ದಿನ ಇತ್ತು.

ಸೈಕಲ್ ಬಂದದ್ದು ಗುಬ್ಬಿಯ ಮಾವನ ಮನೆಯಿಂದ. ಮಾವನ ಮಗಳು ಪೂಜಾ ಕಾಲೇಜಿಗೆ ಬಸ್ಸಿನಲ್ಲಿ ಹೋಗಲು ಶುರು ಮಾಡಿದ ಮೇಲೆ ಅದು ಸುಮ್ಮನೆ ನಿಂತಿತ್ತು. ಆರು ಗೇರು, ಒಳ್ಳೆಯ ಬ್ರೇಕು. ಒಂದೇ ಕೊರತೆ, ಅದು ಲೇಡೀಸ್ ಸೈಕಲ್. ಬಾರ್ ಕೆಳಕ್ಕೆ ಬಾಗಿತ್ತು. ಸೀರೆ, ಲಂಗ ಸಿಕ್ಕಿಕೊಳ್ಳದಿರಲಿ ಎಂದು ಹಿಂದಿನ ಚಕ್ರದ ಎರಡೂ ಪಕ್ಕ ನೆಟ್ ಇತ್ತು.

"ಭೂಷಕ್ಕ ಬಂದ್ಲು, ದಾರಿ ಬುಡ್ರೋ!" ಎಂದು ಹುಡುಗರು ಮೊದಲ ದಿನವೇ ಕೂಗಿದ್ದರು.

ಬಾಗಿದ ಬಾರನ್ನು ನೆಟ್ಟಗೆ ಮಾಡುವುದು ಆಗದ ಕೆಲಸ. ಆದರೆ ನೆಟ್ ಬಿಚ್ಚಬಹುದಲ್ಲ? ಅವತ್ತೇ ಬಿಚ್ಚಿ ಅಟ್ಟಕ್ಕೆ ಎಸೆದಿದ್ದ. ಸೀಟನ್ನೂ ರೇಸ್ ಸೈಕಲ್ ತರ ಮೇಲಕ್ಕೆ ಏರಿಸಿದ್ದ. ಕೂತರೆ ಬೆರಳ ತುದಿ ಮಾತ್ರ ನೆಲಕ್ಕೆ ಸಿಗುತ್ತಿತ್ತು. ಅದಾದ ಮೇಲೆ ಯಾರೂ ಭೂಷಕ್ಕ ಅನ್ನಲಿಲ್ಲ.

ಸ್ಕೂಲು ಮನೆಯ ಹಿಂದೆಯೇ ಇತ್ತು. ಹಾಗಾಗಿ ಸೈಕಲ್ ಹಗಲೆಲ್ಲ ಜಗಲಿಯ ಪಕ್ಕ ನಿಂತಿರುತ್ತಿತ್ತು. ಸಂಜೆ ಬಂದು ಭೂಷಿ ಓಡಿಸುತ್ತಿದ್ದ. ಸೋಮವಾರ ಸಂಜೆ ಬಂದು ನೋಡಿದರೆ ಹಿಂದಿನ ಚಕ್ರದಲ್ಲಿ ಮೂರು ಕಡ್ಡಿ ಮುರಿದು ನೇತಾಡುತ್ತಿದ್ದವು. ಟೈರಿಗೆಲ್ಲ ರಾಗಿ ಹೊಟ್ಟು ಮೆತ್ತಿಕೊಂಡಿತ್ತು.

"ಯಾರ್ನ ಕೂರಿಸ್ಕೊಂಡಿದ್ದೆ?" ಎಂದು ಅಪ್ಪ ಕೇಳಿದ. ಅಪ್ಪ ಶಿವಮೂರ್ತಿಗೆ ಹಾಲಿನ ಡೈರಿಯಲ್ಲಿ ಕೆಲಸ. ಬೆಳಗ್ಗೆ ಹೋದರೆ ಬರುವುದು ಕತ್ತಲಾದ ಮೇಲೆ.

"ಯಾರ್ನೂ ಇಲ್ಲಪ್ಪ."

"ಡಬಲ್ ರೈಡ್ ಹೊಡೀಬ್ಯಾಡ ಅಂದಿದ್ನಾ ಇಲ್ವಾ?"

"ನಾನು ಹೊಡ್ದಿಲ್ಲಪ್ಪ. ದೇವ್ರಾಣೆ."

"ಮತ್ತೆ ಕಡ್ಡಿ ತಾನೇ ಮುರ್ಕೊಂಡ್ವಾ? ನಿಂತಿದ್ದ ಸೈಕಲ್ಲು ಎದ್ದೋಗಿ ಕುಣೀತಾ? ನೋಡು ಭೂಷಿ, ಭಾನ್ವಾರ ಮಾವ ಬತ್ತನೆ. ಅಷ್ಟ್ರಲ್ಲಿ ರಿಪೇರಿ ಆಗಿರ್ಬೇಕು. ಇಲ್ಲಾಂದ್ರೆ ಸೈಕಲ್ ವಾಪಸ್ ಗುಬ್ಬಿಗೆ. ಸುಳ್ಳು ಹೇಳೋರಿಗೆ ಸೈಕಲ್ ಬ್ಯಾಡ."

ಭೂಷಿಗೆ ಸೈಕಲ್ ಹೋಗುವುದಕ್ಕಿಂತ ಆ ಕೊನೆಯ ಮಾತು ಚುಚ್ಚಿತು.

ಅಮ್ಮ ಮೂಲೆಯಲ್ಲಿ ಕೂತು ಹಸಿರು ಸೀರೆಯ ಹಳದಿ ಅಂಚು ಹೊಲಿಯುತ್ತಿದ್ದಳು. ಮೊಣಕೈ ತರಚಿ ಅರಿಸಿನ ಹಚ್ಚಿಕೊಂಡಿದ್ದಳು. ಬಚ್ಚಲಲ್ಲಿ ಜಾರಿದೆ ಅಂದಿದ್ದಳು.

"ಬುಡಿ, ಅವ್ನು ಸುಳ್ಳು ಹೇಳಾಕಿಲ್ಲ," ಎಂದಳು. ತಲೆ ಮಾತ್ರ ಎತ್ತಲಿಲ್ಲ.

ರಾಮಾಂಜಿನಯ್ಯನ ಕೈಲಿ ಆಗಲಿಲ್ಲ ಎಂದು ಗೊತ್ತಾದಾಗ ತಾತನನ್ನು ಹೊರಡಿಸಿದ್ದೂ ಅವಳೇ. "ಮಾವ, ಮಗೂನ ಕುಣಿಗಲ್‌ಗೆ ಕರ್ಕೊಂಡೋಗಿ ಬನ್ನಿ," ಎಂದು ಎರಡು ಸಲ ಹೇಳಿದಳು.

ಮಾರನೆಯ ಸಂಜೆ ಬಸ್ಸಿನಲ್ಲಿ ತಾತ ಬೆಟ್ಟಯ್ಯ ಚಕ್ರವನ್ನು ತೊಡೆಯ ಮೇಲೆ ಕೂರಿಸಿಕೊಂಡ. ಕಂಡಕ್ಟರ್ ಮೇಲಿಂದ ಕೆಳಗೆ ನೋಡಿದ.

"ಮಿಕ್ಕ ಸೈಕಲ್ ಎಲ್ಲಿ ಯಜಮಾನ್ರೆ?"

"ಮನೇಲಿ ಮಲಗೈತೆ. ಜ್ವರ."

ಕುಣಿಗಲ್‌ನಲ್ಲಿ ಎರಡು ಸೈಕಲ್ ಶಾಪಿನವರು ಇಲ್ಲ ಎಂದು ತಲೆಯಾಡಿಸಿದರು. ಮೂರನೆಯದು ಒಂದು ಸ್ಪೇರ್ ಪಾರ್ಟ್ಸ್ ಅಂಗಡಿ. ತಾತ ಚಕ್ರವನ್ನು ಭೂಷಿಯ ಕೈಗೆ ಕೊಟ್ಟು ಬಾಗಿಲಲ್ಲಿ ನಿಲ್ಲಿಸಿ, ತಾನು ಒಳಗೆ ಹೋಗಿ ಕೇಳಿದ. "ಗೇರ್ ಬಿಚ್ಚೋ ಟೂಲ್ ಐತೇನಪ್ಪ?"

"ಐತೆ ಬನ್ನಿ," ಎಂದು ಅಂಗಡಿಯವನು ಮೂರು ಕಾಲಿನ ದೊಡ್ಡ ಕಬ್ಬಿಣದ ಪುಲ್ಲರ್ ತಂದು ಟಪ್ ಎಂದು ಟೇಬಲ್ ಮೇಲಿಟ್ಟ. "ಯಾವ ಟ್ರ್ಯಾಕ್ಟರು?"

ತಾತ ಬಾಗಿಲ ಕಡೆ ಕೈ ತೋರಿಸಿದ. ಚಕ್ರದ ಹಿಂದೆ ಭೂಷಿಯ ಮುಖ ಮಾತ್ರ ಕಾಣುತ್ತಿತ್ತು. ಅಂಗಡಿಯಲ್ಲಿದ್ದವರೆಲ್ಲ ನಕ್ಕರು.

"ಯಾಕ್ ನಗ್ತೀರಾ? ಇದುಕ್ಕೂ ಆರು ಗೇರ್ ಐತೆ," ಎಂದ ತಾತ. ಆದರೆ ಹೊರಗೆ ಬಂದ ಮೇಲೆ ಅವನಿಗೂ ನಗು ಬಂತು. "ಆ ಕಬ್ಬಿಣ ಹಾಕಿದ್ದಿದ್ರೆ ನಿನ್ ಚಕ್ರ ಹಪ್ಪಳ ಆಗೋದು ಕಣ್ಲಾ ಮಗ."

ಭೂಷಿಗೆ ನಗು ಬರಲಿಲ್ಲ.

ಶನಿವಾರ ಬೆಳಗಿನ ಸ್ಕೂಲು ಮುಗಿದದ್ದೇ ಇಬ್ಬರೂ ತುಮಕೂರಿನ ಬಸ್ ಹತ್ತಿದರು. ಅಲ್ಲಿ ಕೇಳಿ, ಇಲ್ಲಿ ಕೇಳಿ, ಕೊನೆಗೆ ಒಂದು ಸಂದಿಯೊಳಗೆ ಭೀಮರಾಜ್ ಎಂಬ ಹುಡುಗನ ಶಾಪ್ ಸಿಕ್ಕಿತು. ಗೋಡೆಯ ತುಂಬ ಗೇರ್ ಸೈಕಲ್‌ಗಳು ನೇತಾಡುತ್ತಿದ್ದವು. ಭೂಷಿ ತಾತನಿಗಿಂತ ಮೊದಲೇ ಒಳಗೆ ನುಗ್ಗಿದ.

"ಅಣ್ಣ, ಇದನ್ನ ಬಿಚ್ಚೋ ಟೂಲ್ ಇದ್ಯಾ?"

ಭೀಮರಾಜ್ ಚಕ್ರದ ಒಳಗೆ ಇಣುಕಿದ. "ಯಾರಪ್ಪಾ ಇದುಕ್ಕೆ ಉಳಿಯಲ್ಲಿ ಹೊಡ್ದಿದ್ದು?"

"ಅದೊಂದು ಕತೆ ಬುಡಪ್ಪ," ಎಂದ ತಾತ.

ಭೀಮರಾಜ್ ಎಣ್ಣೆ ಮೆತ್ತಿದ ಬಿಸ್ಕತ್ ಡಬ್ಬಿಯನ್ನು ಬಗ್ಗಿಸಿದ. ನಟ್ಟಿನ ಹಾಗೆ ಕಾಣುವ ಕೆಲವು ಕಬ್ಬಿಣದ ತುಂಡುಗಳು ಉರುಳಿದವು. ಮೊದಲನೆಯದು ಒಳಗೇ ಹೋಗಲಿಲ್ಲ. ಎರಡನೆಯದು ಹೋಯಿತು, ಆದರೆ ಲೊಡಲೊಡ ಅಲ್ಲಾಡಿತು. ಇನ್ನೊಂದನ್ನು ಇಟ್ಟು ಸ್ವಲ್ಪ ತಿರುಗಿಸಿದ. ಅದು ಹಲ್ಲಿಗೆ ಹಲ್ಲು ಕೂತು, ಬೀಗದೊಳಗೆ ಕೀ ಇಳಿದ ಹಾಗೆ ಇಳಿಯಿತು.

"ಸಿಕ್ತು," ಎಂದ ಭೀಮರಾಜ್.

ಟೂಲನ್ನು ಬೆಂಚಿನ ವೈಸ್‌ನ ಕಬ್ಬಿಣದ ದವಡೆಯಲ್ಲಿ ಬಿಗಿಯಾಗಿ ಕಚ್ಚಿಸಿ, ಅದರ ಮೇಲೆ ಚಕ್ರವನ್ನು ಬೋರಲು ಕೂರಿಸಿದ. "ಈಗ ಟೂಲ್ ತಿರುಗ್ಸೋದಲ್ಲ, ಚಕ್ರ ತಿರುಗ್ಸೋದು. ಬಸ್ ಸ್ಟೇರಿಂಗ್ ತರ. ಎಡಕ್ಕೆ."

ಅವನು ತಿರುಗಿಸಿದ. ಚಕ್ರ ಕದಲಲಿಲ್ಲ. ಮುಖ ಕೆಂಪಗಾಯಿತು.

"ಅಬ್ಬಾ! ಇದು ತುಳಿದಷ್ಟೂ ಬಿಗಿ ಆಗ್ತಾ ಹೋಗತ್ತೆ. ಚೆನ್ನಾಗಿ ತುಳ್ದಿದ್ದೀರ. ಬನ್ನಿ ತಾತ, ನೀವೂ ಹಿಡ್ಕೊಳ್ಳಿ. ನೀನೂ ಬಾರೋ."

ಮೂವರೂ ಚಕ್ರ ಹಿಡಿದರು. ತಾತ ಪಂಚೆ ಎತ್ತಿ ಕಟ್ಟಿದ. "ಏಯ್, ಎಳೀ... ಎಳೀ..."

ಟಣ್! ಚಕ್ರ ತಟಕ್ಕನೆ ತಿರುಗಿತು. ತಾತ ಗೋಡೆಗೆ ಹೋಗಿ ಒರಗಿದ. "ನನ್ ಬೆನ್ನೂ ಬಿಚ್ಕೊಂತು ಕಣಪ್ಪೋ!" ಎಂದು ಹೊರಗಿನ ಕಟ್ಟೆಯ ಮೇಲೆ ಸುಧಾರಿಸಿಕೊಳ್ಳಲು ಕೂತ.

ಭೀಮರಾಜ್ ಗೇರಿನ ಕಟ್ಟನ್ನು ಬಿಚ್ಚಿ ಮೇಲೆತ್ತಿದ. ಅದರ ಹಿಂದೆ ಗ್ರೀಸ್ ಮೆತ್ತಿದ ಒಂದು ಉಂಡೆ ಸುತ್ತಿಕೊಂಡಿತ್ತು. ಚಿಮುಟದಲ್ಲಿ ಹಿಡಿದು ಎಳೆದ. ದಾರ. ಎಳೆದಷ್ಟೂ ಬಂತು. ತುದಿಯಲ್ಲಿ ಒಂದು ಚೂರು ಬಟ್ಟೆ. ಹಸಿರು, ಅಂಚಿಗೆ ಹಳದಿ.

"ಸೀರೆ ಸಿಕ್ಕಾಕೊಂಡಿದೆ. ಸೈಕಲ್ ಬಿದ್ದಾಗ ಚೈನ್ ಒಳಗೆ ಹೋಗಿ ಕಡ್ಡಿ ಕಟ್ ಮಾಡಿದೆ," ಎಂದ ಭೀಮರಾಜ್. "ಲೇಡೀಸ್ ಸೈಕಲ್‌ದೇ ಚಕ್ರ ಅಲ್ವೇನೋ? ನೆಟ್ ಇರ್ಲಿಲ್ವಾ?"

ಭೂಷಿ ಆ ಚೂರನ್ನು ಕೈಗೆ ತೆಗೆದುಕೊಂಡು ನೋಡಿದ.

ಆ ಹಳದಿ ಅಂಚು ಅವನಿಗೆ ಗೊತ್ತಿತ್ತು. ಅಮ್ಮನನ್ನು ಯಾರಾದರೂ ಹಿಂದೆ ಕೂರಿಸಿಕೊಂಡಿದ್ದರಾ? ಯಾರು? ಅಪ್ಪ ಡೈರಿಯಲ್ಲಿರುತ್ತಾನೆ. ತಾತನಿಗೆ ಸೈಕಲ್ಲೇ ಬರುವುದಿಲ್ಲ. ಇನ್ನು ಹಗಲು ಹೊತ್ತು ಮನೆಯಲ್ಲಿ ಉಳಿಯುವುದು ಅಮ್ಮ ಮತ್ತು ಸೈಕಲ್. ಟೈರಿಗೆ ಮೆತ್ತಿದ್ದ ರಾಗಿ ಹೊಟ್ಟು ನೆನಪಾಯಿತು. ಹಿತ್ತಲ ಆಚೆಯ ಕಣ. ಒಕ್ಕಣೆ ಮುಗಿದ ಮೇಲೆ ಅಲ್ಲಿ ಯಾರೂ ಬರುವುದಿಲ್ಲ, ಯಾರೂ ನೋಡುವುದಿಲ್ಲ.

ತುದಿ ಬೆರಳಲ್ಲಿ ನಿಲ್ಲಬೇಕಾದಷ್ಟು ಎತ್ತರದ ಸೀಟು. ನೆಟ್ ಇಲ್ಲದ ಚಕ್ರ.

ಭೀಮರಾಜ್ ಹೊಸ ಕಡ್ಡಿ ಹಾಕಿ ಗೇರನ್ನು ಮತ್ತೆ ಕೂರಿಸುವಷ್ಟರಲ್ಲಿ ಭೂಷಿ ದಾರದ ಉಂಡೆಯನ್ನು ಪೇಪರಿನಲ್ಲಿ ಸುತ್ತಿ ಚಡ್ಡಿ ಜೇಬಿಗೆ ಹಾಕಿಕೊಂಡ. ಅದನ್ನು ತೋರಿಸಿದರೆ ಸಾಕು, ಅಪ್ಪ ಅವನನ್ನು ಸುಳ್ಳ ಅನ್ನುವ ಹಾಗೇ ಇಲ್ಲ.

ಮನೆ ಸೇರಿದಾಗ ಕತ್ತಲಾಗುತ್ತಿತ್ತು. ತಾತ ಸೈಕಲ್ ಹಿಡಿದುಕೊಂಡ, ಭೂಷಿ ಚಕ್ರ ಹಾಕಿದ. ಆಮೇಲೆ ಏಣಿ ಇಟ್ಟು ಅಟ್ಟ ಹತ್ತಿದ. ಹಳೆಯ ನೆಟ್ಟನ್ನು ಕೆಳಗಿಳಿಸಿ ಧೂಳು ಕೊಡವಿದ. ಒಂದು ಪಕ್ಕದ ಸ್ಕ್ರೂ ಕಳೆದುಹೋಗಿತ್ತು. ಅಲ್ಲಿ ತಂತಿ ಸುತ್ತಿ ಬಿಗಿದ.

ಅಮ್ಮ ಬಾಗಿಲಲ್ಲಿ ನಿಂತು ನೋಡುತ್ತಿದ್ದಳು.

"ಇದ್ಯಾಕೋ ಹಾಕ್ತಿದ್ದೀಯ? ಹುಡುಗ್ರು ಆಡ್ಕೊಳಲ್ವಾ?"

"ಆಡ್ಕೊಳ್ಳಿ ಬುಡು," ಎಂದ ಭೂಷಿ. ತಂತಿಯ ತುದಿಯನ್ನು ಒಳಕ್ಕೆ ಮಡಿಸಿದ. ಸೀರೆಗೆ ಚುಚ್ಚಬಾರದಲ್ಲ.

ಅಮ್ಮ ಮಡಿಸಿದ ಆ ತಂತಿಯನ್ನು ಬಗ್ಗಿ ನೋಡಿ ಒಳಗೆ ಹೋಗಿಬಿಟ್ಟಳು.

ರಾತ್ರಿ ಊಟಕ್ಕೆ ಕೂತಾಗ ಅಪ್ಪ ಕೇಳಿದ, "ಆಯ್ತಾ ರಿಪೇರಿ?"

"ಆಯ್ತಪ್ಪ."

"ಈಗ್ಲಾದ್ರೂ ಹೇಳು. ಯಾರ್ನ ಕೂರಿಸ್ಕೊಂಡಿದ್ದೆ? ನಾನೇನೂ ಹೊಡೆಯಾಕಿಲ್ಲ."

ಭೂಷಿಯ ಎಡಗೈ ಜೇಬಿನಲ್ಲಿತ್ತು. ಪೇಪರು ಬೆರಳಿಗೆ ಸಿಕ್ಕಿತು. ಅದನ್ನು ಹೊರಗೆ ತೆಗೆಯಲಿಲ್ಲ. ಮುದ್ದೆ ಮುರಿದು ಸಾರಿಗೆ ಅದ್ದಿದ.

"ಅವ್ನನ್ನ ಕೇಳ್ಬೇಡಿ," ಎಂದಳು ಅಮ್ಮ. ಸೌಟನ್ನು ಪಾತ್ರೆಯೊಳಗೇ ಬಿಟ್ಟಳು. "ನಾನು ಬೀಳಿಸಿದ್ದು. ಕಣದಲ್ಲಿ ಕಲೀತಿದ್ದೆ."

ಅಪ್ಪ ತಟ್ಟೆಯಿಂದ ಕೈ ತೆಗೆಯದೆ ಅಮ್ಮನನ್ನು ನೋಡಿದ. ಅವಳ ಮೊಣಕೈ ನೋಡಿದ.

"ಏನು, ನೀನು ಸೈಕಲ್ಲಾ?"

"ಹೂಂ. ಅವತ್ತೇ ಹೇಳ್ಬೇಕಿತ್ತು. ನೀವು ಅಂಗೆ ರೇಗಾಡ್ತಿದ್ರಲ್ಲ, ಬಾಯೇ ಬರ್ಲಿಲ್ಲ. ಮಗು ಬೈಸ್ಕೊಳ್ತು."

ಒಲೆಯಲ್ಲಿ ಸೌದೆ ಚಟಪಟ ಎಂದಿತು.

"ಅಂಗಾದ್ರೆ," ಎಂದ ತಾತ, "ಈ ಮನೇಲಿ ಸೈಕಲ್ ಬರ್ದೇ ಇರೋನು ನಾನೊಬ್ನೇ ಆಗೋದ್ನಾ?"

ಭೂಷಿಗೆ ನಗು ಬಂದು ಕೆಮ್ಮಾಯಿತು. ಅಪ್ಪ ನಗಲಿಲ್ಲ. ನೀರಿನ ಲೋಟವನ್ನು ಭೂಷಿಯ ಕಡೆಗೆ ಸರಿಸಿ, ಬೇಗ ಊಟ ಮುಗಿಸಿ ಎದ್ದುಹೋದ.

ಭಾನುವಾರ ಬೆಳಗ್ಗೆ ಭೂಷಿ ಏಳುವಷ್ಟರಲ್ಲಿ ಅಪ್ಪ ಡೈರಿಗೆ ಹೋಗಿಯಾಗಿತ್ತು. ಮಾವ ಬರಲು ಇನ್ನೂ ಹೊತ್ತಿತ್ತು. ಒಂದು ರೌಂಡ್ ಹೊಡೆಯೋಣ ಎಂದು ಸೈಕಲ್ ಹತ್ತಿ ಕೂತ. ಎರಡೂ ಪಾದ ನೆಲಕ್ಕೆ ಪೂರ್ತಿ ಊರಿದವು.

ಇಳಿದು ನೋಡಿದ. ಸೀಟು ತಳಮಟ್ಟಕ್ಕೆ ಇಳಿದಿತ್ತು.

ಅಮ್ಮನಿಗೆ ಸ್ಪ್ಯಾನರ್ ಹಿಡಿಯಲು ಬರುವುದಿಲ್ಲ. ತಾತ ಇನ್ನೂ ಬೆನ್ನು ನೋವೆಂದು ಮಲಗಿದ್ದ. ಅಪ್ಪ ದಿನಾ ಚಪ್ಪಲಿ ಬಿಡುವ ಜಾಗದಲ್ಲಿ, ಜಗಲಿಯ ಅಂಚಿಗೆ, ಸ್ಪ್ಯಾನರ್ ಬಿದ್ದಿತ್ತು.

ಭೂಷಿ ಅದನ್ನು ಎತ್ತಿಕೊಂಡ. ಸೀಟನ್ನು ಒಮ್ಮೆ ಒತ್ತಿ ನೋಡಿದ. ಗಟ್ಟಿಯಾಗಿ ಬಿಗಿದಿತ್ತು, ಚೂರೂ ಅಲ್ಲಾಡಲಿಲ್ಲ.

ಸ್ಪ್ಯಾನರನ್ನು ಒಳಗೆ ತೆಗೆದುಕೊಂಡು ಹೋಗಿ ಡಬ್ಬಿಯಲ್ಲಿಟ್ಟ. ಆಮೇಲೆ ಸೈಕಲ್ಲನ್ನು ತಳ್ಳಿಕೊಂಡು ಹೋಗಿ ಹಿತ್ತಲಲ್ಲಿ, ಕಣದ ಕಡೆಗೆ ಮುಖ ಮಾಡಿ ನಿಲ್ಲಿಸಿದ.