ಅಮ್ಮನ ಮಣ್ಣು ತುಂಬಿದ ಗುಂಡಿ

"ಕೈ ತೆಗೀರಿ! ಅದು ನಮ್ಮಮ್ಮನ ಗುಲಾಬಿ!"

ಟೈಲರಮ್ಮನ ಆ ಕೂಗಿಗೆ ಬೀದಿಯ ನಾಯಿಗಳೆಲ್ಲ ಬೊಗಳುವುದನ್ನೇ ಮರೆತು ಕೂತವು. ಜೋತುಬಿದ್ದಿದ್ದ ಕರಿಮೋಡಗಳೂ ಒಂದು ಗೇಣು ಹಿಂದೆ ಸರಿದವೆಂದರೆ ನೀವು ನಂಬಲೇಬೇಕು!

ಹಿತ್ತಲಿನ ಗುಂಡಿಯ ಬಳಿ ಮಂಡಿಯೂರಿದ್ದವನು ಪಕ್ಕದ ಮನೆಯ ಗಡಿಯಾರ ರಿಪೇರಿಯವನು. ಮೊಣಕೈವರೆಗೂ ಕೆಸರು. ಕೈಯಲ್ಲಿ ಬೇರುಸಮೇತ ಗುಲಾಬಿ ಗಿಡ!

"ಒಂದ್ನಿಮಿಷ ಕೇಳಿ... ಬೇರು ಕೊಳೀತಿದೆ. ಮಳೆ ಬರೋದ್ರೊಳಗೆ ಮೇಲೆತ್ತದಿದ್ರೆ..."

"ನಾನಿಲ್ಲದಾಗ ಹಿತ್ತಲಿಗೆ ನುಗ್ಗೋಕೆ ಯಾರ್ರೀ ನೀವು? ಇಡ್ರಿ ಕೆಳಗೆ!"

ಅವನು ಮಗುವನ್ನು ಮಲಗಿಸುವಂತೆ ಗಿಡವನ್ನು ನೆಲಕ್ಕಿಟ್ಟು ಹೊರಟುಹೋದ.

'ಇವನ ಕಣ್ಣು ಯಾಕೆ ಒದ್ದೆಯಾಗಿತ್ತು?' ಎಂಬ ಪ್ರಶ್ನೆಯನ್ನು ಅವಳು ಕೋಪದಲ್ಲೇ ನುಂಗಿದಳು.

ಅಮ್ಮ ತೀರಿಕೊಂಡ ಮೇಲೆ ಮನೆ ಮಾರಿ, ಚಿಕ್ಕಮ್ಮನ ಜೊತೆ ಇರಲು ಈ ಊರಿಗೆ ಬಂದವಳು ಅವಳು. ಇಲ್ಲಿನ ಮಣ್ಣೋ, ಒದ್ದೆಯಾದರೆ ಅಂಟು, ಒಣಗಿದರೆ ಕಬ್ಬಿಣ; ಸಿಕ್ಕಿಕೊಂಡ ಸನಿಕೆ ಎತ್ತಲು ಆನೆಯೇ ಬೇಕು! ಗಾಳಿಯೋ, ಒಣಹಾಕಿದ ಲಂಗವನ್ನು ಪಕ್ಕದ ದೇಶಕ್ಕೆ ಕಳಿಸುವಂಥದ್ದು.

ಜೊತೆಗೆ ತಂದ ಅಮ್ಮನ ಗಿಡಗಳಿಗೆ ಈ ಕರಿಮಣ್ಣು ಸೋಕಿಸಲಾರೆನೆಂದು ಹಳೇ ಹಿತ್ತಲಿನ ಕೆಂಪು ಮಣ್ಣನ್ನೇ ಮೂಟೆಗಟ್ಟಲೆ ತಂದು ಗುಂಡಿಗಳಿಗೆ ತುಂಬಿದ್ದಳು. ಆದರೂ ಗಿಡಗಳು ಒಂದೊಂದಾಗಿ ಸತ್ತವು. ಉಳಿದದ್ದು ಈ ಗುಲಾಬಿ ಮಾತ್ರ. ಇದೂ ಹೋದರೆ ತಾನು ಈ ಊರಲ್ಲಿರುವುದಿಲ್ಲ ಎಂದು ಚಿಕ್ಕಮ್ಮನಿಗೆ ಹೇಳಿಯೇಬಿಟ್ಟಿದ್ದಳು.

ಗಿಡವನ್ನು ಮತ್ತೆ ಅದೇ ಗುಂಡಿಯಲ್ಲಿಟ್ಟು ಬಕೆಟ್ ನೀರು ಸುರಿದಳು.

"ನಿನ್ನ ಕಣ್ಣೀರೇ ಸಾಕಾಗ್ತಿತ್ತಲ್ಲೇ!" ಚಿಕ್ಕಮ್ಮ ಗೊಣಗಿದಳು.

ಆಮೇಲೆ ಮಳೆ ಹಿಡಿಯಿತು. ಆಕಾಶದ ಹೊಲಿಗೆ ಬಿಟ್ಟಂಥ ಮಳೆ! ಅದು ನಿಂತಾಗ ಗುಲಾಬಿಯ ಎಲೆಗಳು ಕಪ್ಪಾಗಿದ್ದವು.

ಸನಿಕೆ ತಂದು ಗುಂಡಿ ಅಗೆದಳು. ಕೊಳೆತ ವಾಸನೆ ರಪ್ಪನೆ ಮುಖಕ್ಕೆ ಬಡಿಯಿತು. ಸುತ್ತಲ ಜಿಗುಟು ಮಣ್ಣು ಹನಿ ನೀರನ್ನೂ ಆಚೆ ಬಿಟ್ಟಿರಲಿಲ್ಲ. ಕೆಂಪು ಮಣ್ಣು ಗಂಜಿಯಾಗಿತ್ತು.

'ಅಮ್ಮಾ... ನಿನ್ನ ಮಣ್ಣಲ್ಲೇ ನಿನ್ನ ಗಿಡಗಳನ್ನ ಮುಳುಗಿಸಿಬಿಟ್ಟೆ!'

ನೇರ ಅವನ ಅಂಗಡಿಗೆ ಹೋದಳು. ಬಿಚ್ಚಿದ ಗಡಿಯಾರಗಳ ನಡುವೆ ಅವನು ತಲೆ ಎತ್ತಿದ.

"ಗುಲಾಬಿ ಹೋಯ್ತು... ನಿಮ್ಮ ಮಾತು ಕೇಳ್ಬೇಕಿತ್ತು."

"ನಾನೂ ನಿಮ್ಮನ್ನ ಕೇಳಿ ಬರ್ಬೇಕಿತ್ತು. ಎಲೆ ಹಳದಿಯಾಗಿದ್ದು ಗೋಡೆಯಾಚೆಯಿಂದ ಕಂಡಿತು, ತಡ್ಕೊಳೋಕೆ ಆಗ್ಲಿಲ್ಲ." ಅವನ ದನಿ ಇಳಿಯಿತು. "ಅಪ್ಪ ತೀರ್ಕೊಂಡ ವರ್ಷ ಅವರ ನಿಂಬೆ ಗಿಡಾನ ನಾನೂ ಹಿಂಗೇ ಕೊಂದೆ. ಈ ಮಣ್ಣಲ್ಲಿ ಗುಂಡಿ ತೋಡಿದ್ರೆ ಅದು ನೀರಿನ ಬಾನಿ ಕಣ್ರೀ. ಇಲ್ಲಿ ನೆಲದ ಮೇಲೆ ದಿಬ್ಬ ಕಟ್ಟಬೇಕು."

"ಇನ್ನು ಕಟ್ಟಿ ಏನು? ನಾನು ಹೊರಡ್ತೀನಿ."

"ಹೊರಡೋ ಮುಂಚೆ ಒಂದು ದಿಬ್ಬ... ನನ್ನ ಜೊತೆ?"

ಇಬ್ಬರೂ ಸೇರಿ ಅವಳ ಹಿತ್ತಲಲ್ಲಿ ದಿಬ್ಬ ಕಟ್ಟಿದರು. ಅಮ್ಮನ ಕೆಂಪು ಮಣ್ಣನ್ನು ಅವಳೇ ಕೈಯಾರೆ ಕರಿಮಣ್ಣಿಗೆ ಕಲಸಿದಳು, ತರಗೆಲೆ ಸೇರಿಸಿದಳು. ಅವನು ಗಾಳಿಗೆ ಅಡ್ಡವಾಗಿ ಕೋಲಿನ ಬೇಲಿ ಹೆಣೆದು, ತನ್ನ ಅಂಗಳದ ಗಟ್ಟಿ ಕಣಗಿಲೆ ಕಡ್ಡಿಗಳನ್ನು ನೆಟ್ಟ.

"ಇದು ತೋಟವೋ, ಗೋರಿಯೋ?" ಚಿಕ್ಕಮ್ಮ ಬಾಗಿಲಲ್ಲಿ ನಿಂತು ಕೇಳಿದಳು.

ಟೈಲರಮ್ಮ ನಕ್ಕಳು. ನಗು ಅರ್ಧದಲ್ಲೇ ಅಳುವಾಯಿತು. ಚಿಕ್ಕಮ್ಮ ಸದ್ದಿಲ್ಲದೆ ಒಳಗೆ ಸರಿದಳು.

"ಹೂ ಬಿಡುತ್ತಾ?"

"ಗೊತ್ತಿಲ್ಲ. ಇಲ್ಲಿ ಬೇರು ಹಿಡಿಯೋಕೇ ವರ್ಷ ಬೇಕು..." ಅವನು ತಲೆ ತಗ್ಗಿಸಿದ. "ಹೋಗ್ಬೇಡಿ. ಗಿಡಕ್ಕೋಸ್ಕರ ಅಲ್ಲ. ನನಗೋಸ್ಕರ."

ಮತ್ತೆ ತುಂತುರು ಶುರುವಾಯಿತು. ಇಬ್ಬರೂ ಏಳಲಿಲ್ಲ. ಕೆಸರಿನ ಅವನ ಬೆರಳುಗಳ ಮೇಲೆ ಅವಳ ಕೆಸರಿನ ಕೈ ಬಂದು ನಿಂತಿತು.

"ಹೋಗಲ್ಲ... ಆದ್ರೆ ಅಮ್ಮ ನೆನಪಾದಾಗೆಲ್ಲ ಅಳ್ತೀನಿ. ತಡ್ಕೋತೀರಾ?"

"ಅತ್ಬಿಡಿ. ಹರಿದುಹೋಗೋಕೆ ದಾರಿ ಇರ್ಬೇಕು, ಅಷ್ಟೇ."