ಹೊಸ ಹಲಗೆಯ ಮೇಲಿನ ತೇವ

ಕಾರಿನ ಹಿಂದೆ ಕಟ್ಟಿ ಎಳೆಯುವ ಈ ಕ್ಯಾಂಪಿಂಗ್ ಟ್ರೈಲರನ್ನು ನನಗೆ ಮಾರಿದವನು ನನ್ನ ಜೀವದ ಗೆಳೆಯ ವರ್ಲಿನ್. "ಒಂದ್ ಹನಿ ನೀರೂ ಒಳಗೆ ಇಳಿದಿಲ್ಲ ಕಣೋ, ನನ್ನಾಣೆ" ಎಂದಿದ್ದ. ಅರಿಜೋನಾದ ಮರಳುಗಾಡಿನಲ್ಲಿ ನಿಲ್ಲಿಸಿ, ಡ್ರಾಯರಿನಂತೆ ಪಕ್ಕಕ್ಕೆ ಹೊರಚಾಚುವ ಮಲಗುವ ಗೂಡಿಗೆ ಕಾಲಿಟ್ಟರೆ ನೆಲವೇ ಕುಸಿಯಿತು. ಕಿತ್ತು ನೋಡಿದೆ. ಕೊಳೆತ ಪ್ಲೈವುಡ್ಡಿನ ತೇವ, ಯಾರೋ ಮೈಮುದುರಿ ಮಲಗಿದ ಆಕಾರದಲ್ಲಿತ್ತು, ಮುಟ್ಟಿದರೆ ಬೆಚ್ಚಗಿತ್ತು.

ಹೊಸ ಹಲಗೆ ಹೊಡೆದು, ಸಂದುಗಳಿಗೆಲ್ಲ ಸಿಲಿಕೋನ್ ಮೆತ್ತಿದೆ. ಮಳೆಯಿರಲಿ, ಮೋಡವೂ ಸುಳಿಯಲಿಲ್ಲ. ಆದರೂ ಬೆಳಗ್ಗೆ ಹೊಸ ಹಲಗೆಯ ಮೇಲೆ ಅದೇ ಆಕಾರ, ಅದೇ ಬಿಸುಪು.

ಸಿಟ್ಟು ನೆತ್ತಿಗೇರಿ ವರ್ಲಿನ್‌ಗೆ ಫೋನ್ ಮಾಡಿದೆ. "ನೆಲ ಒದ್ದೆಯಾಗಿದ್ಯಲ್ಲೋ, ದ್ರೋಹಿ" ಎಂದೆನೇ ಹೊರತು ಆಕಾರದ ಸುದ್ದಿ ಎತ್ತಲಿಲ್ಲ.

ಅವನು ಮೆಲ್ಲಗೆ ಕೇಳಿದ: "ಅದು ಇನ್ನೂ ಗೋಡೆ ಕಡೆನೇ ಮುಖ ಮಾಡ್ಕೊಂಡು ಮಲಗಿದ್ಯಾ?"